ಆತಿಥ್ಯ ಕ್ಷೇತ್ರದ ಮೇಲ್ವಿಚಾರಕರಿಗೆ ಆನ್‌ಲೈನ್ ತರಬೇತಿ: ಕಲಿಯುವ ಹೊತ್ತನ್ನು ಕೊಡುವವರು ಯಾರು?

(ಹೋಟೆಲ್, ವಸತಿಗೃಹ ಹಾಗೂ ಹೋಂಸ್ಟೇಗಳ ಮಾಲೀಕರು ಮತ್ತು ಮೇಲ್ವಿಚಾರಕರಿಗಾಗಿ ಜಿಲ್ಲಾ ಪಂಚಾಯತಿ ಸಭಾಂಗಣದಲ್ಲಿ ಏರ್ಪಡಿಸಿದ್ದ ಮಾಹಿತಿ ಕಾರ್ಯಾಗಾರದಲ್ಲಿ, ಹೋಟೆಲ್ ಉದ್ಯಮದ ನಿವೃತ್ತ ವ್ಯವಸ್ಥಾಪಕರೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಜಿಲ್ಲೆಯ ಎಲ್ಲ ಗ್ರಾಮ ಪಂಚಾಯತಿಗಳು, ಅರಿವು ಕೇಂದ್ರಗಳು ಮತ್ತು ಸ್ವಸಹಾಯ ಸಂಘಗಳ ಒಕ್ಕೂಟಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ.)





ಉಡುಪಿ ಎಂಬ ಹೆಸರು ಒಂದು ಊರಿನ ಹೆಸರಾಗಿರುವಂತೆಯೇ ಒಂದು ಬಗೆಯ ಹೋಟೆಲಿನ ಹೆಸರೂ ಆಗಿದೆ. ನಮ್ಮ ಜಿಲ್ಲೆ ಪ್ರತ್ಯೇಕ ಜಿಲ್ಲೆಯಾಗಿ ರೂಪುಗೊಂಡದ್ದು 1997ರಲ್ಲಿ. ಆದರೆ ಅದಕ್ಕೆ ಅನೇಕ ದಶಕಗಳ ಮೊದಲೇ ಮದರಾಸು, ಮುಂಬಯಿ, ಬೆಂಗಳೂರುಗಳ ಬೀದಿಗಳಲ್ಲಿ ಈ ಊರಿನ ಹೆಸರಿನ ಫಲಕಗಳು ತೂಗುತ್ತಿದ್ದವು. ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಕಟ್ಟಿದ, 1924ರಿಂದ ನಡೆದುಬಂದಿರುವ ಮಾವಳ್ಳಿ ಟಿಫಿನ್ ರೂಮ್ಸ್, ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ಆರಂಭಿಸಿದ ವುಡ್‌ಲ್ಯಾಂಡ್ಸ್ ಇವೆಲ್ಲವೂ ತಮಗೆ ತಿಳಿದ ಸಂಗತಿಗಳೇ. ಈ ಚರಿತ್ರೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದರೊಳಗೆ ಅಡಗಿರುವ ಇನ್ನೊಂದು ಸಂಗತಿಯನ್ನು ಅಷ್ಟಾಗಿ ನೆನೆಯುವುದಿಲ್ಲ. ಈ ಹೋಟೆಲುಗಳನ್ನು ಕಟ್ಟಿದವರಲ್ಲಿ ಬಹುಮಂದಿ ಪಾತ್ರೆ ತೊಳೆಯುವುದರಿಂದ, ಟೇಬಲ್ ಒರೆಸುವುದರಿಂದ ಆರಂಭಿಸಿದವರು. ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಅವರನ್ನು ಏರಿಸಿದ್ದು ದುಡಿಮೆಯಷ್ಟೇ ಅಲ್ಲ, ಕಲಿಕೆ.

ಆ ಕಲಿಕೆ ಎಲ್ಲಿ ನಡೆಯಿತು? ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಿಂದಲೇ ಮುಂಬಯಿಯಲ್ಲಿ ಕರಾವಳಿಯ ಸಮಾಜಗಳು ಮತ್ತು ಕನ್ನಡ ಸಂಘಗಳು ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲೆಲ್ಲ ತಟ್ಟೆ ಎತ್ತಿದ ಕೈಗಳು ರಾತ್ರಿ ಬಳಪ ಹಿಡಿದವು. ನಾನೂ ಅಂಥ ಒಂದು ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಾ ಓದಿದವನು. ಕೆಲಸಗಾರನು ಶಾಲೆಯ ಹೊತ್ತಿಗೆ ಬರಲಾರನಾದ್ದರಿಂದ ಶಾಲೆಯೇ ಅವನ ಹೊತ್ತಿಗೆ ಬಂದಿತು. ಇಂದು ನಾವು ಆನ್‌ಲೈನ್ ತರಬೇತಿ ಎಂದು ಕರೆಯುತ್ತಿರುವುದು ಹೊಸ ವೇಷದ ರಾತ್ರಿ ಶಾಲೆ ಎಂಬುದೇ ನನ್ನ ತಿಳಿವಳಿಕೆ. ರಾತ್ರಿ ಶಾಲೆ ಯಾವ ಕಾರಣಕ್ಕೆ ಗೆದ್ದಿತೋ ಅದೇ ಕಾರಣವಿದ್ದರೆ ಇದೂ ಗೆಲ್ಲುತ್ತದೆ. ಆ ಕಾರಣವೇನೆಂಬುದನ್ನು ತಮ್ಮ ಮುಂದೆ ಇರಿಸುವುದೇ ಈ ಉಪನ್ಯಾಸದ ಉದ್ದೇಶ.

1. ಮೇಲ್ವಿಚಾರಕನೆಂದರೆ ಯಾರು?

ನಮ್ಮ ಉದ್ಯಮದಲ್ಲಿ ಮೇಲ್ವಿಚಾರಕನನ್ನು ಆರಿಸುವ ಕ್ರಮ ಬಹಳ ಸರಳವಾದದ್ದು. ಚೆನ್ನಾಗಿ ಬಡಿಸುವ ಸಪ್ಲಾಯರನನ್ನು ಒಂದು ದಿನ ಕರೆದು, ನಾಳೆಯಿಂದ ಹಾಲನ್ನು ನೀನು ನೋಡಿಕೋ ಎಂದು ಹೇಳುತ್ತೇವೆ. ಅಚ್ಚುಕಟ್ಟಾಗಿ ಕೊಠಡಿ ಸಿದ್ಧಪಡಿಸುವ ಹೆಣ್ಣುಮಗಳಿಗೆ ಕೀಲಿಗೊಂಚಲು ಕೊಟ್ಟು, ಇನ್ನು ಈ ಮಹಡಿಯ ಹೊಣೆ ನಿನ್ನದು ಎನ್ನುತ್ತೇವೆ. ಅಲ್ಲಿಗೆ ನೇಮಕಾತಿ ಮುಗಿಯಿತು, ತರಬೇತಿಯೂ ಮುಗಿಯಿತು.

ತಾನು ಮಾಡುವುದು ಒಂದು ವಿದ್ಯೆ, ಇತರರಿಂದ ಮಾಡಿಸುವುದು ಮತ್ತೊಂದು ವಿದ್ಯೆ. ಹತ್ತು ಟೇಬಲುಗಳ ಆರ್ಡರನ್ನು ನೆನಪಿನಲ್ಲಿ ಇಟ್ಟುಕೊಳ್ಳಬಲ್ಲವನಿಗೆ ಹತ್ತು ಜನರ ಸರದಿಪಟ್ಟಿ ಬರೆಯಲು ತಾನಾಗಿ ಬರುವುದಿಲ್ಲ. ಮೇಲ್ವಿಚಾರಕನ ಕೆಲಸದಲ್ಲಿ ಐದು ಭಾಗಗಳಿವೆ: ಕೆಲಸವನ್ನು ಹಂಚುವುದು, ಕಲಿಸುವುದು, ಪರಿಶೀಲಿಸುವುದು, ಕೇಳಿಸಿಕೊಳ್ಳುವುದು, ದಾಖಲಿಸುವುದು. ಇವುಗಳಲ್ಲಿ ನಾವು ಸಾಮಾನ್ಯವಾಗಿ ಮೊದಲನೆಯದನ್ನೂ ಮೂರನೆಯದನ್ನೂ ಮಾತ್ರ ಮಾಡುತ್ತೇವೆ. ಅವುಗಳನ್ನು ಕೂಡ ಏರಿದ ದನಿಯಲ್ಲಿ ಮಾಡುತ್ತೇವೆ.

2. ನನ್ನಿಂದಾದ ತಪ್ಪು

ಇದನ್ನು ಇತರರ ಮೇಲಿನ ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಸುಮಾರು ನಲವತ್ತು ವರ್ಷಗಳ ಹಿಂದೆ, ದೊಡ್ಡ ನಗರವೊಂದರ ಹೋಟೆಲಿನಲ್ಲಿ ನಾನು ಮೇಲ್ವಿಚಾರಕನಾದೆ. ನನಗಾಗ ಇಪ್ಪತ್ತನಾಲ್ಕು ವರ್ಷ. ಬಿರುಸಿನಿಂದ ಕೆಲಸ ಮಾಡುತ್ತಿದ್ದೆ, ಅದೇ ಬಿರುಸನ್ನು ಎಲ್ಲರಿಂದಲೂ ಬಯಸುತ್ತಿದ್ದೆ. ಕುಂದಾಪುರದ ಕಡೆಯ ಒಬ್ಬ ಹುಡುಗ ಪಾತ್ರೆ ತೊಳೆಯುವ ಕೆಲಸದಲ್ಲಿದ್ದ. ಅವನಿಗೆ ಹದಿನೆಂಟು ತುಂಬಿತ್ತೋ ಇಲ್ಲವೋ ನಾನು ಕೇಳಿಯೂ ಇರಲಿಲ್ಲ. ಒಂದು ಬೆಳಗ್ಗೆ ಅವನ ಕೈಯಿಂದ ಗಾಜಿನ ಲೋಟಗಳ ಟ್ರೇ ಜಾರಿ ಬಿದ್ದು ಹನ್ನೆರಡು ಲೋಟಗಳು ಒಡೆದವು. ಎಲ್ಲರೆದುರಿಗೆ ಅವನನ್ನು ಬಯ್ದೆ. ಹನ್ನೆರಡು ಲೋಟಗಳ ಬೆಲೆಯನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳುವಂತೆ ಗಲ್ಲಾದಲ್ಲಿ ಹೇಳಿದೆ.

ಅದಾದ ಮೂರನೆಯ ದಿನ ಅಡುಗೆಮನೆಯಲ್ಲಿ ಒಲೆ ಹಚ್ಚುವಾಗ ನೆಲದ ಮಟ್ಟದಲ್ಲಿ ಬೆಂಕಿ ಭಗ್ಗನೆ ಎದ್ದಿತು. ಭಟ್ಟರ ಎರಡೂ ಕೈಗಳು ಮೊಣಕೈವರೆಗೆ ಸುಟ್ಟವು. ಸಿಲಿಂಡರಿನ ರಬ್ಬರ್ ಕೊಳವೆಯಲ್ಲಿ ಸೀಳು ಬಿಟ್ಟಿತ್ತು. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಅದು ಕೆಳಗೇ ತಂಗುತ್ತದೆ. ನೆಲದ ಮೇಲೆ ಕುಳಿತು ಪಾತ್ರೆ ತೊಳೆಯುವವನ ಮೂಗಿಗೆ ಅದರ ವಾಸನೆ ಎಲ್ಲರಿಗಿಂತ ಮೊದಲು ಬಡಿಯುತ್ತದೆ. ಆ ಹುಡುಗನಿಗೆ ಹಿಂದಿನ ದಿನವೇ ವಾಸನೆ ಬಂದಿತ್ತು. ಏಕೆ ಹೇಳಲಿಲ್ಲವೆಂದು ಕೇಳಿದಾಗ ಅವನು ತಲೆ ತಗ್ಗಿಸಿ ಕೊಟ್ಟ ಉತ್ತರ ಇಷ್ಟೇ: "ಕೊಳವೆಯನ್ನೂ ನಾನೇ ಹಾಳುಮಾಡಿದೆ ಅಂತ ಹೇಳ್ತೀರಿ ಅಂತ ಹೆದರಿದೆ, ಅಣ್ಣ."

ಭಟ್ಟರು ಗುಣಮುಖರಾದರು. ಆದರೆ ಬಿಸಿ ಬಾಣಲೆಯ ಮುಂದೆ ಮೊದಲಿನಂತೆ ನಿಲ್ಲಲು ಅವರಿಂದ ಆಗಲೇ ಇಲ್ಲ. ಹನ್ನೆರಡು ಲೋಟಗಳ ಬೆಲೆಯನ್ನು ನಾನು ಒಬ್ಬನಿಂದ ವಸೂಲು ಮಾಡಿದೆ, ನನ್ನ ಕೋಪದ ಬೆಲೆಯನ್ನು ಮತ್ತೊಬ್ಬರು ತೆತ್ತರು.

ಮಿತ್ರರೇ, ಮೇಲ್ವಿಚಾರಣೆಯ ಮೊದಲ ಪಾಠ ಇದೇ. ಕೆಟ್ಟ ಸುದ್ದಿ ಬೇಗನೆ ಯಾರ ಬಳಿಗೆ ಬರುತ್ತದೆಯೋ ಅವನೇ ಒಳ್ಳೆಯ ಮೇಲ್ವಿಚಾರಕ. ಹುಳಿ ಹಿಡಿದ ಸಾಂಬಾರು, ಒದ್ದೆ ನೆಲ, ಕಿಡಿ ಹಾರುವ ಸ್ವಿಚ್ಚು, ಕೊಠಡಿಯಲ್ಲಿ ಅನುಚಿತವಾಗಿ ನಡೆದುಕೊಂಡ ಗ್ರಾಹಕ ಇವೆಲ್ಲವನ್ನೂ ಮೊದಲು ಕಾಣುವವರು ಅತ್ಯಂತ ಕೆಳಗಿನ ಸಂಬಳದಲ್ಲಿರುವವರು. ಅವರ ಬಾಯಿಯನ್ನು ನಾವು ಮುಚ್ಚಿಸಿದರೆ ನಮ್ಮ ಕಣ್ಣನ್ನೇ ಕಟ್ಟಿಕೊಂಡಂತೆ. ಇದನ್ನು ನನಗೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಯಾರಾದರೂ ಅರ್ಧ ಗಂಟೆ ಕೂರಿಸಿ ಹೇಳಿದ್ದರೆ ಸಾಕಾಗುತ್ತಿತ್ತು. ಸಂಬಳದಿಂದ ನಷ್ಟದ ಹಣವನ್ನು ಮುರಿಯುವ ಮೊದಲು ಕೆಲಸಗಾರನ ವಿವರಣೆಯನ್ನು ಕೇಳಲೇಬೇಕೆಂದು ಕಾನೂನು ಹೇಳುತ್ತದೆ ಎಂಬುದೂ ನನಗೆ ತಿಳಿದಿರಲಿಲ್ಲ. ತಿಳಿಸುವವರು ಇರಲಿಲ್ಲ.

3. ಮೊಬೈಲಿನ ಮೂಲಕ ಕಲಿಯಬಹುದಾದದ್ದು

ಈಗ ತಿಳಿಸುವವರಿದ್ದಾರೆ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆ 2017ರಿಂದಲೂ, ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ 2023ರಿಂದಲೂ ಕೆಲಸ ಮಾಡುತ್ತಿವೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಫೊಸ್ಟ್ಯಾಕ್ ತರಬೇತಿಯಿದೆ. ಆಹಾರ ಕೈಗೊಳ್ಳುವ ಪ್ರತಿ 25 ಮಂದಿಗೆ ತರಬೇತಿ ಪಡೆದ ಒಬ್ಬ ಆಹಾರ ಸುರಕ್ಷತಾ ಮೇಲ್ವಿಚಾರಕ ಇರಬೇಕೆಂಬುದು ಅದರ ಗುರಿ. ನಮ್ಮ ಜಿಲ್ಲೆಯ ಮಣಿಪಾಲದಲ್ಲಿಯೇ ಹೋಟೆಲ್ ಆಡಳಿತದ ಹೆಸರಾಂತ ಕಾಲೇಜು ಇದೆ. ಅಲ್ಲಿಗೆ ಹೋಗಿ ವರ್ಷಗಟ್ಟಲೆ ಓದಲಾಗದವನಿಗೂ ಆ ವಿದ್ಯೆಯ ಒಂದು ತುಣುಕಾದರೂ ಮೊಬೈಲಿನ ಮೂಲಕ ತಲುಪಬಹುದು.

ಯಾವ ವಿಷಯಗಳು ಈ ಮಾರ್ಗದಲ್ಲಿ ಚೆನ್ನಾಗಿ ಸಾಗುತ್ತವೆ ಎಂಬುದನ್ನು ಅನುಭವದಿಂದ ಹೇಳುತ್ತೇನೆ.

ಮೊದಲನೆಯದು ಕಾನೂನು. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವಂತಿಲ್ಲ ಎಂಬುದು. ವಾರಕ್ಕೆ 48 ಗಂಟೆಯ ದುಡಿಮೆ, ಒಂದು ದಿನದ ರಜೆ ಎಂಬುದು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನ್ ಮೂಲಕ ಮಾಹಿತಿ ನೀಡಬೇಕೆಂಬುದು. 10 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಆಲಿಸುವ ಆಂತರಿಕ ಸಮಿತಿ ಇರಲೇಬೇಕೆಂಬುದು: ಇವು ಕೇಳಿ, ಓದಿ, ಪ್ರಶ್ನೆಗೆ ಉತ್ತರಿಸಿ ಕಲಿಯಬಹುದಾದ ಸಂಗತಿಗಳು. ಇವುಗಳೊಂದಿಗೆ ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಶೌಚಗುಂಡಿ ತುಂಬಿತೆಂದು ಕೆಲಸದ ಹುಡುಗನನ್ನು ಒಳಗಿಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಅಂಥ ಗುಂಡಿಯೊಳಗಿನ ವಿಷಾನಿಲ ಕೆಲವೇ ಉಸಿರುಗಳಲ್ಲಿ ಪ್ರಾಣ ತೆಗೆಯುತ್ತದೆ. ಇಳಿ ಎಂದು ಹೇಳುವ ನಾಲಗೆ ಹೆಚ್ಚಿನ ಸಂದರ್ಭಗಳಲ್ಲಿ ಮೇಲ್ವಿಚಾರಕನದೇ. ಆ ಒಂದು ಮಾತನ್ನು ಆಡದಿರಲು ಕಲಿಸಿದರೂ ಈ ತರಬೇತಿ ಸಾರ್ಥಕ.

ಎರಡನೆಯದು ಆಹಾರದ ಶುಚಿತ್ವ. ಬೇಯಿಸಿದ ಆಹಾರವನ್ನು 5 ಡಿಗ್ರಿಗಿಂತ ಕೆಳಗೆ ಇಲ್ಲವೇ 60 ಡಿಗ್ರಿಗಿಂತ ಮೇಲೆ ಇರಿಸಬೇಕು. ನಡುವಣ ಉಷ್ಣಾಂಶದಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಮಧ್ಯಾಹ್ನದ ಪಲ್ಯವನ್ನು ಸಂಜೆಯವರೆಗೆ ಮೇಜಿನ ಮೇಲೆ ಮುಚ್ಚಿಟ್ಟು ಮತ್ತೆ ಒಗ್ಗರಣೆ ಹಾಕುವ ಅಭ್ಯಾಸದ ಅಪಾಯವನ್ನು ಮೂರು ನಿಮಿಷದ ದೃಶ್ಯ ಅಚ್ಚುಕಟ್ಟಾಗಿ ತೋರಿಸಬಲ್ಲದು. ಆಹಾರ ಕೈಗೊಳ್ಳುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಯ ಅಗತ್ಯ, ಕೈ ತೊಳೆಯುವ ಕ್ರಮ ಇವೂ ಹಾಗೆಯೇ.

ಮೂರನೆಯದು ಬರವಣಿಗೆ ಮತ್ತು ಲೆಕ್ಕ. ಸರದಿಪಟ್ಟಿ, ಉಗ್ರಾಣದ ಪುಸ್ತಕ, ಪಾಳಿ ಬದಲಾಗುವಾಗ ಮುಂದಿನವರಿಗೆ ಬರೆದಿಡುವ ಟಿಪ್ಪಣಿ ಇವುಗಳ ಮಾದರಿಗಳನ್ನು ಪರದೆಯ ಮೇಲೆ ನೋಡಿ ಅನುಸರಿಸಬಹುದು.

ನಾಲ್ಕನೆಯದು ಭಾಷೆ. ಇಂದು ನಮ್ಮ ಹೋಟೆಲುಗಳಲ್ಲಿ ಅಸ್ಸಾಂ, ಒಡಿಶಾ, ಬಂಗಾಳ, ನೇಪಾಳಗಳಿಂದ ಬಂದವರೂ, ಉತ್ತರ ಕರ್ನಾಟಕದಿಂದ ಬಂದವರೂ ದುಡಿಯುತ್ತಿದ್ದಾರೆ. ಮೇಲ್ವಿಚಾರಕನ ಮನೆಮಾತು ತುಳುವೋ ಕುಂದಗನ್ನಡವೋ ಆಗಿರುತ್ತದೆ. "ನೆಲ ಒದ್ದೆಯಾಗಿದೆ", "ಎಣ್ಣೆ ಕಾದಿದೆ", "ಗ್ಯಾಸ್ ಬಂದ್ ಮಾಡು" ಎಂಬ ಮೂವತ್ತು ನಲವತ್ತು ವಾಕ್ಯಗಳು ಎರಡೂ ಕಡೆಯವರಿಗೆ ಬಂದರೆ ಅವಘಡಗಳು ಕಡಿಮೆಯಾಗುತ್ತವೆ. ನಮ್ಮ ಜಿಲ್ಲೆಯ ಹುಡುಗರು ಹಿಂದೆ ಮುಂಬಯಿಯಲ್ಲಿ ಮರಾಠಿ, ಹಿಂದಿ ಅರಿಯದೆ ಪಟ್ಟ ಪಾಡನ್ನು ನೆನೆದರೆ, ಇಂದು ನಮ್ಮಲ್ಲಿಗೆ ಬಂದಿರುವ ಹುಡುಗನೊಂದಿಗೆ ಹೇಗೆ ಮಾತನಾಡಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

4. ಮೊಬೈಲಿನಿಂದ ಕಲಿಯಲಾಗದ್ದು

ಆದರೆ ಆನ್‌ಲೈನ್ ತರಬೇತಿಯನ್ನು ಸರ್ವರೋಗ ಪರಿಹಾರವೆಂದು ನಂಬಿಸಲು ನಾನು ಬಂದಿಲ್ಲ. ಹಾಸಿಗೆಯ ಮೇಲಿನ ಚಾದರವನ್ನು ಸುಕ್ಕಿಲ್ಲದಂತೆ ಎಳೆಯುವುದು, ಹಿಟ್ಟಿನ ಹದವನ್ನು ಬೆರಳಿನಿಂದ ಅರಿಯುವುದು, ಸಿಟ್ಟಾದ ಗ್ರಾಹಕನ ಮುಂದೆ ದನಿ ಏರಿಸದೆ ನಿಲ್ಲುವುದು ಇವು ಕೈಗೆ, ಮೈಗೆ, ಮನಸ್ಸಿಗೆ ಸಂಬಂಧಿಸಿದವು. ಪರದೆಯ ಮೇಲೆ ನೋಡಿದ್ದು ಮರುದಿನ ಹಾಲಿನಲ್ಲಿ, ಅಡುಗೆಮನೆಯಲ್ಲಿ ಆಚರಣೆಗೆ ಬರದಿದ್ದರೆ ಅದು ಸಿನಿಮಾ ನೋಡಿದಂತೆ ಆಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವಿಲ್ಲದ ಕೆಲಸಗಾರರು ದೊಡ್ಡ ಸಂಖ್ಯೆಯಲ್ಲಿ ಬಂದಾಗ, ಅಲ್ಲಿನ ಮೇಲ್ವಿಚಾರಕರಿಗೆ ಕಲಿಸುವ ವಿಧಾನವನ್ನು ನಾಲ್ಕು ಹೆಜ್ಜೆಗಳಲ್ಲಿ ಹೇಳಿಕೊಟ್ಟರು. ಮುಂದೆ ಜಪಾನಿನ ಕಾರ್ಖಾನೆಗಳೂ ಅದನ್ನೇ ಅಳವಡಿಸಿಕೊಂಡವು. ಕಲಿಯುವವನ ಅಂಜಿಕೆಯನ್ನು ಹೋಗಲಾಡಿಸಿ ಅವನಿಗೆ ಈಗಾಗಲೇ ಏನು ಗೊತ್ತಿದೆ ಎಂದು ತಿಳಿಯುವುದು ಮೊದಲ ಹೆಜ್ಜೆ. ಕೆಲಸವನ್ನು ಹಂತಹಂತವಾಗಿ ಮಾಡಿ ತೋರಿಸಿ, ಪ್ರತಿ ಹಂತದ ಕಾರಣವನ್ನು ಹೇಳುವುದು ಎರಡನೆಯದು. ಅವನಿಂದಲೇ ಮಾಡಿಸಿ, ಮಾಡುತ್ತಾ ಅವನೇ ವಿವರಿಸುವಂತೆ ನೋಡಿಕೊಳ್ಳುವುದು ಮೂರನೆಯದು. ಅವನನ್ನು ಅವನ ಪಾಡಿಗೆ ಬಿಟ್ಟು, ಆಗಾಗ ಬಂದು ನೋಡಿ, ಸಂಶಯ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸುವುದು ನಾಲ್ಕನೆಯದು. ಈ ನಾಲ್ಕರಲ್ಲಿ ನಾವು ಸಾಮಾನ್ಯವಾಗಿ ಎರಡನೆಯದರ ಅರ್ಧವನ್ನು ಮಾತ್ರ ಮಾಡಿ, ಉಳಿದದ್ದನ್ನು ಬಯ್ಗುಳದಿಂದ ತುಂಬಿಸುತ್ತೇವೆ.

ಆದ್ದರಿಂದ ನನ್ನ ಸಲಹೆ ಇದು. ಪಾಠ ಮೊಬೈಲಿನಲ್ಲಿ ನಡೆಯಲಿ, ಪರೀಕ್ಷೆ ಕೆಲಸದ ಸ್ಥಳದಲ್ಲಿ ನಡೆಯಲಿ. ಸುಟ್ಟ ಗಾಯದ ಪ್ರಥಮ ಚಿಕಿತ್ಸೆಯ ಪಾಠವನ್ನು ನೋಡಿದ ಮೇಲ್ವಿಚಾರಕನು, ಗಾಯವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು, ಬೆಣ್ಣೆಯನ್ನಾಗಲಿ ಟೂತ್‌ಪೇಸ್ಟನ್ನಾಗಲಿ ಹಚ್ಚಬಾರದು ಎಂಬುದನ್ನು ತನ್ನ ತಂಡದ ಮುಂದೆ ಮಾಡಿ ತೋರಿಸಲಿ. ಅನಿಲ ಸೋರಿಕೆಯ ಪಾಠವನ್ನು ನೋಡಿದವನು ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಜನರನ್ನು ಹೊರಗೆ ಕಳುಹಿಸುವ ಅಭ್ಯಾಸವನ್ನು ತಿಂಗಳಿಗೊಮ್ಮೆ ನಡೆಸಲಿ.

ಪ್ರಮಾಣಪತ್ರದ ಬಗ್ಗೆಯೂ ಒಂದು ಮಾತು. ಪಾಠ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಮೊಬೈಲು ಜೇಬಿನಲ್ಲಿರುತ್ತದೆ, ಕೊನೆಯ ಪ್ರಶ್ನೆಗಳಿಗೆ ಗಲ್ಲಾದಲ್ಲಿ ಕುಳಿತ ಓದಿದ ಹುಡುಗ ಉತ್ತರ ಒತ್ತುತ್ತಾನೆ, ಐವರ ಹೆಸರಿನಲ್ಲಿ ಐದು ಪ್ರಮಾಣಪತ್ರಗಳು ಗೋಡೆಗೆ ಏರುತ್ತವೆ. ಇದು ಆಗದ ಸಂಗತಿಯೇನಲ್ಲ. ಅಂಥ ಕಾಗದ ತಪಾಸಣೆಗೆ ಬಂದ ಅಧಿಕಾರಿಗೆ ತೋರಿಸಲು ಉಪಯೋಗವಾದೀತು, ಬೆಂಕಿಗೆ ಅದನ್ನು ತೋರಿಸಲಾಗದು.

5. ಹೊತ್ತಿನ ಪ್ರಶ್ನೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆನ್‌ಲೈನ್ ತರಬೇತಿಯನ್ನು ಎಲ್ಲಿಂದಲಾದರೂ, ಯಾವಾಗಲಾದರೂ ಪಡೆಯಬಹುದು ಎಂದು ಎಲ್ಲರೂ ಹೇಳುತ್ತಾರೆ. ಯಾವಾಗಲಾದರೂ ಎಂಬ ಮಾತು ಕೇಳಲು ಇಂಪಾಗಿದೆ. ಬೆಳಗ್ಗೆ ಐದಕ್ಕೆ ಅಡುಗೆಮನೆಯ ಬಾಗಿಲು ತೆರೆದು, ರಾತ್ರಿ ಹನ್ನೊಂದಕ್ಕೆ ಶಟರ್ ಎಳೆಯುವವನ ದಿನಚರಿಯಲ್ಲಿ ಆ ಯಾವಾಗಲಾದರೂ ಎಂಬುದು ಎಲ್ಲಿದೆ? ಅವನಿಗಾಗಿ ಹೊತ್ತನ್ನು ಗೊತ್ತುಮಾಡದಿದ್ದರೆ ಆ ಮಾತು ಎಂದಿಗೂ ಇಲ್ಲ ಎಂಬ ಅರ್ಥವನ್ನೇ ಕೊಡುತ್ತದೆ.

ರಾತ್ರಿ ಶಾಲೆಗಳು ಗೆದ್ದದ್ದು ಶಾಲೆಯವರ ಉತ್ಸಾಹದಿಂದ ಮಾತ್ರವಲ್ಲ. ಹುಡುಗನಿಗೆ ಎಂಟು ಗಂಟೆಗೆ ಹೊರಡಲು ಅನುಮತಿ ಕೊಟ್ಟ ಧಣಿಗಳು ಅಲ್ಲಲ್ಲಿ ಇದ್ದರು. ನನಗೂ ಅಂಥ ಧಣಿಯೊಬ್ಬರಿದ್ದರು. ಅವರು ನನಗೆ ಪುಸ್ತಕ ಕೊಡಿಸಲಿಲ್ಲ, ಫೀಸು ಕಟ್ಟಲಿಲ್ಲ. ಎಂಟು ಗಂಟೆಯಾದೊಡನೆ ಗಲ್ಲಾದಿಂದಲೇ ಗಡಿಯಾರದ ಕಡೆ ನೋಡಿ, ಹೊರಡು ಎಂಬಂತೆ ತಲೆಯಾಡಿಸುತ್ತಿದ್ದರು. ಆ ಒಂದು ಸನ್ನೆಯ ಋಣವನ್ನು ನಾನು ಇನ್ನೂ ತೀರಿಸಿಲ್ಲ.

ಸಭೆಯಲ್ಲಿರುವ ಮಾಲೀಕ ಮಿತ್ರರಲ್ಲಿ ನಾನು ಕೇಳಿಕೊಳ್ಳುವುದು ಆ ಸನ್ನೆಯನ್ನೇ. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಆರಂಭವಾಗುವ ಮುನ್ನ, ಮಧ್ಯಾಹ್ನ ಮೂರರ ಆಸುಪಾಸಿನಲ್ಲಿ, ನಮ್ಮ ಹೋಟೆಲುಗಳಿಗೆ ಒಂದಿಷ್ಟು ಬಿಡುವಿರುತ್ತದೆ. ವಸತಿಗೃಹಗಳಲ್ಲಿ ಬೆಳಗಿನ ಕೊಠಡಿಗಳು ಸಿದ್ಧವಾಗಿ ಹೊಸ ಅತಿಥಿಗಳು ಬರುವ ಮುನ್ನ ಅಂಥದೇ ಬಿಡುವಿರುತ್ತದೆ. ಅದರಲ್ಲಿ ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ ಕೊಡಿ. ಆ 20 ನಿಮಿಷವನ್ನು ಕೆಲಸದ ಅವಧಿಯೆಂದೇ ಎಣಿಸಿ, ಅದಕ್ಕೆ ಸಂಬಳ ಕೊಡಿ. ಕೂರಲು ಒಂದು ಕುರ್ಚಿ, ಕಿವಿಗೆ ಒಂದು ಇಯರ್‌ಫೋನು, ಹೋಟೆಲಿನ ವೈಫೈ ಇಷ್ಟು ಸಾಕು. ಆ ಹೊತ್ತಿನಲ್ಲಿ ಅವನನ್ನು ಯಾರೂ ಕೂಗಿ ಕರೆಯದಿರಲಿ.

ದಿನಕ್ಕೆ 20 ನಿಮಿಷದಿಂದ ಏನಾದೀತು ಎಂದು ಉಡುಪಿಯ ಜನ ಕೇಳಬಾರದು. 1925ರಲ್ಲಿ ಈ ಊರಿನಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ದಿನವೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದ. ಆ ಸಣ್ಣ ಮೊತ್ತಗಳಿಂದ ಮನೆಗಳೆದ್ದವು, ಮದುವೆಗಳಾದವು, ಮಕ್ಕಳು ಓದಿದರು. ವಿದ್ಯೆಯನ್ನೂ ಪಿಗ್ಮಿ ಕಟ್ಟಿದಂತೆ ಕಟ್ಟಬಹುದು. ವಾರಕ್ಕೆ 100 ನಿಮಿಷ, ಮೂರು ತಿಂಗಳಿಗೆ 20 ಗಂಟೆಗೂ ಹೆಚ್ಚು. ಮೇಲ್ವಿಚಾರಣೆಯ ಪ್ರಾಥಮಿಕ ಪಾಠಗಳಿಗೆ ಅದು ಸಾಲದ ಅವಧಿಯಲ್ಲ. ಆದರೆ ಒಂದು ಮಾತು ನೆನಪಿರಲಿ: ಏಜೆಂಟನು ದಿನ ತಪ್ಪಿಸದೆ ಬಂದದ್ದರಿಂದಲೇ ಪಿಗ್ಮಿ ಬೆಳೆಯಿತು.

6. ಕಲಿತವನು ಬಿಟ್ಟುಹೋದರೆ?

ಮಾಲೀಕರ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ನಾನೇ ಕೇಳಿಬಿಡುತ್ತೇನೆ. ನಾವು ಹೊತ್ತು ಕೊಟ್ಟು ಕಲಿಸಿದೆವು, ಪ್ರಮಾಣಪತ್ರ ಕೈಗೆ ಬಂದೊಡನೆ ಅವನು ಹೆಚ್ಚು ಸಂಬಳಕ್ಕೆ ಬೇರೆ ಕಡೆ ಹೋದ. ಆಗ ನಮಗೇನು ಲಾಭ?

ಕೆಲವರು ಹೋಗುತ್ತಾರೆ. ಅದನ್ನು ಅಲ್ಲಗಳೆಯಲಾರೆ. ಆದರೆ ಬಿಟ್ಟುಹೋದ ಕಲಿತವರಿಂದಲೇ ಉಡುಪಿ ಹೋಟೆಲು ಎಂಬುದು ದೇಶದ ತುಂಬ ಹರಡಿತು. ಒಂದು ಹೋಟೆಲಿನಲ್ಲಿ ಪಳಗಿದವನು ಹೊರಬಿದ್ದು ಮತ್ತೊಂದನ್ನು ತೆರೆದ, ಅಲ್ಲಿ ಪಳಗಿದವನು ಇನ್ನೊಂದನ್ನು. ಯಾರೂ ಬಿಟ್ಟುಹೋಗದಿದ್ದರೆ ನಮ್ಮ ಊರಿನ ಹೆಸರು ರಥಬೀದಿಯಲ್ಲೇ ಉಳಿಯುತ್ತಿತ್ತು. ಕಲಿಯದೆ ಉಳಿದವನಿಂದ ಆಗುವ ನಷ್ಟ ಕಲಿತು ಹೋದವನಿಂದ ಆಗುವ ನಷ್ಟಕ್ಕಿಂತ ದೊಡ್ಡದು ಎಂಬುದಕ್ಕೆ ಭಟ್ಟರ ಸುಟ್ಟ ಕೈಗಳೇ ನನ್ನ ಸಾಕ್ಷಿ.

ಮಾಲೀಕನೂ ಕಲಿಯಬಹುದೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. ಎಂ.ಟಿ.ಆರ್.ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳು ನಡೆಯುವ ಬಗೆಯನ್ನು ಕಣ್ಣಾರೆ ಕಂಡು ಬಂದರು. ಮರಳಿದ ಮೇಲೆ ಪಾತ್ರೆಗಳನ್ನು ಹಬೆಯಿಂದ ಶುದ್ಧೀಕರಿಸುವ ಕ್ರಮವನ್ನು ತಮ್ಮಲ್ಲಿ ಜಾರಿಗೆ ತಂದರು. ಹೆಸರು ಮಾಡಿದ ಹೋಟೆಲಿನ ಧಣಿಯೇ ಕಲಿಯಲು ಕಡಲು ದಾಟಿದ್ದರೆ, ಅಂಗೈಯಲ್ಲಿರುವ ಪಾಠವನ್ನು ತೆರೆಯಲು ನಮಗೆ ಸಂಕೋಚವೇಕೆ? ಮೇಲ್ವಿಚಾರಕನೊಂದಿಗೆ ಮಾಲೀಕನೂ ಅದೇ ಪಾಠವನ್ನು ನೋಡಲಿ. ಕಲಿತು ಮುಗಿಸಿದವನಿಗೆ ಹುದ್ದೆಯ ಹೆಸರಿನ ಜತೆಗೆ ಸಂಬಳದಲ್ಲಿಯೂ ಏರಿಕೆ ಕಾಣಲಿ. ಉಳಿಸಿಕೊಳ್ಳುವ ದಾರಿ ಅದೇ.

7. ಮಹಿಳಾ ಮೇಲ್ವಿಚಾರಕರು

ಕೊಠಡಿಗಳ ನಿರ್ವಹಣೆಯಲ್ಲಿ, ಹೋಂಸ್ಟೇಗಳಲ್ಲಿ, ಸಂಜೀವಿನಿ ಸ್ವಸಹಾಯ ಸಂಘಗಳು ನಡೆಸುವ ಕ್ಯಾಂಟೀನುಗಳಲ್ಲಿ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ಮೊಬೈಲು ಸ್ವಂತದ್ದಲ್ಲ. ಸಂಜೆ ಅದು ಮಗನ ಕೈಯಲ್ಲೋ ಗಂಡನ ಕೈಯಲ್ಲೋ ಇರುತ್ತದೆ. ಮನೆಗೆ ಹೋದ ಮೇಲೆ ಅವರ ಎರಡನೆಯ ಪಾಳಿ ಆರಂಭವಾಗುತ್ತದೆ. ಮನೆಯಲ್ಲಿ ಕುಳಿತು ಕಲಿಯಿರಿ ಎಂಬ ಮಾತು ಅವರಿಗೆ ಅನ್ವಯಿಸದು.

ಇಲ್ಲಿ ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳು ನೆರವಾಗಬಲ್ಲವು. ಕಂಪ್ಯೂಟರು ಮತ್ತು ಇಂಟರ್ನೆಟ್ ಸೌಲಭ್ಯವಿರುವ ಕೇಂದ್ರಗಳಲ್ಲಿ ವಾರಕ್ಕೆ ಎರಡು ಮಧ್ಯಾಹ್ನಗಳನ್ನು ಈ ಮಹಿಳೆಯರಿಗಾಗಿ ಮೀಸಲಿಟ್ಟು, ನಾಲ್ಕೈದು ಮಂದಿ ಒಟ್ಟಿಗೆ ಕುಳಿತು ಪಾಠ ನೋಡಿ ಚರ್ಚಿಸುವಂತೆ ಮಾಡಬಹುದು. ಒಬ್ಬರಿಗೆ ಅರ್ಥವಾಗದ್ದನ್ನು ಇನ್ನೊಬ್ಬರು ಹೇಳಿಕೊಡುತ್ತಾರೆ. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಸಣ್ಣ ಹೋಟೆಲುಗಳಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ಅಂಥಲ್ಲಿ ಕಿರುಕುಳದ ದೂರನ್ನು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಸಲ್ಲಿಸಬಹುದು ಎಂಬ ಮಾಹಿತಿಯನ್ನು ಪ್ರತಿಯೊಬ್ಬ ಮಹಿಳೆಗೂ ಇಂಥ ಗುಂಪಿನಲ್ಲಿಯೇ ತಲುಪಿಸಬೇಕು.

8. ಕೆಲವು ಸಲಹೆಗಳು

ಮುಗಿಸುವ ಮುನ್ನ, ಜಿಲ್ಲಾ ಪಂಚಾಯತಿಯ ಹಾಗೂ ಸಂಬಂಧಿಸಿದ ಇಲಾಖೆಗಳ ಪರಿಶೀಲನೆಗಾಗಿ ಈ ಸಲಹೆಗಳನ್ನು ವಿನಯಪೂರ್ವಕವಾಗಿ ಮಂಡಿಸುತ್ತೇನೆ.

(ಅ) ಪಾಠಗಳು ಕನ್ನಡದಲ್ಲಿರಲಿ. ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ಕನ್ನಡ ಬೇಡ. ಗಲ್ಲಾ, ಪಾಳಿ, ಉಗ್ರಾಣ ಎಂಬ ನಮ್ಮ ಹೋಟೆಲಿನ ಮಾತುಗಳಲ್ಲಿ ಇರಲಿ. ಹೊರರಾಜ್ಯದ ಕೆಲಸಗಾರರಿಗಾಗಿ ಹಿಂದಿಯ ಧ್ವನಿಯೂ ಜತೆಗಿರಲಿ.

(ಆ) ಒಂದೊಂದು ಪಾಠವೂ 20 ನಿಮಿಷ ಮೀರದಿರಲಿ. ಒಮ್ಮೆ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ನೋಡುವಂತಿರಲಿ. ಘಟ್ಟದ ಬುಡದ ಊರುಗಳಲ್ಲಿ ನೆಟ್‌ವರ್ಕ್ ದೊರೆಯುವುದು ಸುಲಭವಲ್ಲ.

(ಇ) ಪ್ರಮಾಣಪತ್ರ ನೀಡುವ ಮುನ್ನ ಕೆಲಸದ ಸ್ಥಳದಲ್ಲಿ ಒಮ್ಮೆಯಾದರೂ ಮಾಡಿ ತೋರಿಸುವ ಪರೀಕ್ಷೆ ನಡೆಯಲಿ. ಅನುಭವಿಗಳಾದ ನಿವೃತ್ತ ಹೋಟೆಲ್ ನೌಕರರನ್ನು ಈ ಕಾರ್ಯಕ್ಕೆ ಬಳಸಿಕೊಳ್ಳಬಹುದು. ಮೊದಲ ಅರ್ಜಿ ನನ್ನದೇ ಇರಲಿ.

(ಈ) ಸಿಬ್ಬಂದಿಗೆ ಕೆಲಸದ ಅವಧಿಯಲ್ಲಿಯೇ ಕಲಿಯುವ ಹೊತ್ತನ್ನು ಕೊಟ್ಟ ಹೋಟೆಲು, ವಸತಿಗೃಹಗಳನ್ನು ಜಿಲ್ಲಾ ಪಂಚಾಯತಿ ವರ್ಷಕ್ಕೊಮ್ಮೆ ಸಾರ್ವಜನಿಕವಾಗಿ ಗುರುತಿಸಿ ಗೌರವಿಸಲಿ.

ಮೇಲ್ವಿಚಾರಕ ಬಂಧುಗಳಿಗೆ ನನ್ನ ಕೊನೆಯ ಮಾತು. ತಾವು ಈ ತರಬೇತಿಯನ್ನು ಪಡೆದು ಹಿಂದಿರುಗಿದ ಮೊದಲ ದಿನ ಹೊಸದೇನನ್ನೂ ಮಾಡಬೇಕಾಗಿಲ್ಲ. ಪಾಳಿ ಆರಂಭವಾಗುವ ಮುನ್ನ ಐದು ನಿಮಿಷ ಎಲ್ಲರನ್ನೂ ನಿಲ್ಲಿಸಿ, ನಿನ್ನೆ ಏನಾದರೂ ಕೆಟ್ಟಿದೆಯೇ, ಒಡೆದಿದೆಯೇ, ವಾಸನೆ ಬಂದಿದೆಯೇ ಎಂದು ಕೇಳಿ. ಮೊದಲ ದಿನ ಯಾರೂ ಬಾಯಿಬಿಡಲಾರರು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಪಾತ್ರೆ ತೊಳೆಯುವ ಹುಡುಗ ಅಂಜುತ್ತಂಜುತ್ತಾ ಏನೋ ಹೇಳುತ್ತಾನೆ. ಅವನಿಗೆ ಒಳ್ಳೆಯದಾಯಿತು, ಹೇಳಿದೆಯಲ್ಲ ಎನ್ನಿ. ಆ ದಿನದಿಂದ ತಾವು ಮೇಲ್ವಿಚಾರಕರು.